ಚೌಕಿಯ ಕಪ್ಪು-ಬಿಳುಪು ಫೋಟೊ: ಕೆಂಪು, ಹಸಿರು ಎರಡೂ ಒಂದೇ ಬೂದು ಆಗುತ್ತಿದೆ

ಕೋಡಿಕಡಲು:
ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರದ ಕಡೆಯವಳು. ಹತ್ತಿರದಲ್ಲಿ ಯಕ್ಷಗಾನ ಇದ್ದರೆ ಮೇಳದವರ ಒಪ್ಪಿಗೆ ಕೇಳಿಕೊಂಡು ಚೌಕಿಯಲ್ಲಿ (ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ) ಫೋಟೊ ತೆಗೆಯುತ್ತೇನೆ. ಕ್ರಾಪ್ ಸೆನ್ಸರ್ ಕ್ಯಾಮೆರಾ, 50 ಎಂಎಂ ಎಫ್ 1.8 ಲೆನ್ಸ್, ಇಷ್ಟೇ ನನ್ನ ಸಾಮಾನು. ಕಲಾವಿದರು ನೆಲದಲ್ಲಿ ಕೂತು, ಒಂದು ಕೈಯಲ್ಲಿ ಕನ್ನಡಿ ಹಿಡಿದು, ಇನ್ನೊಂದು ಕೈಯಲ್ಲಿ ಕಡ್ಡಿಯಿಂದ ಹುಬ್ಬು ತೀಡುತ್ತಾರಲ್ಲ, ಆ ಹೊತ್ತು ನನಗೆ ತುಂಬ ಇಷ್ಟ. ಆಗ ಮುಖ ಅರ್ಧ ಅವರದು, ಅರ್ಧ ಅರ್ಜುನನದು. ಇದನ್ನು ಕಪ್ಪು-ಬಿಳುಪಿನಲ್ಲೇ ತೋರಿಸಬೇಕು ಅಂತ ಆಸೆ. ಬಣ್ಣದಲ್ಲಿಟ್ಟರೆ ನೋಡುವವರ ಕಣ್ಣು ಕೆಂಪು ದಗಲೆ (ವೇಷದ ಮೇಲಂಗಿ) ಬಿಟ್ಟು ಮೇಲೇಳುವುದೇ ಇಲ್ಲ.

ಆದರೆ ಬಣ್ಣ ತೆಗೆದ ಕೂಡಲೇ ಎಲ್ಲ ಒಂದೇ ಬೂದು. ಕೆಂಪು ದಗಲೆ, ಪಕ್ಕದವರ ಹಸಿರು ದಗಲೆ, ಹಿಂದೆ ಕಟ್ಟಿದ ನೀಲಿ ಟಾರ್ಪಾಲು, ಯಾವುದೂ ಬಿಡಿಸಿ ಕಾಣುವುದಿಲ್ಲ. ಕಾಂಟ್ರಾಸ್ಟ್ ಏರಿಸಿದರೆ ಮುಖ ಬಿಳುಚಿಕೊಳ್ಳುತ್ತದೆ. ಇನ್ನೊಂದು, ಎಫ್ 1.8ರಲ್ಲಿ ಕಣ್ಣು ಶಾರ್ಪ್ ಬಂದರೆ ತಲೆಗೆ ಕಟ್ಟಿದ ಕೇದಗೆ ಮುಂದಲೆ ಮಸುಕು. ಕನ್ನಡಿಯೊಳಗಿನ ಮುಖ ತೆಗೆದರಂತೂ ಕನ್ನಡಿಯ ಅಂಚು ಶಾರ್ಪ್, ಮುಖ ಮಸುಕು. ಯಾಕೆ ಹೀಗೆ?

ಮಲೆನಾಡ್ ಲೆನ್ಸ್:
ಫೋಕಸ್ ವಿಷಯ ಮಾತ್ರ ಹೇಳುತ್ತೇನೆ. ನಿಮ್ಮ ಕ್ಯಾಮೆರಾದಲ್ಲಿ 50 ಎಂಎಂ, ಎಫ್ 1.8, ಒಂದು ಮೀಟರ್ ದೂರ ಅಂದರೆ ಶಾರ್ಪ್ ಇರುವುದು ಹೆಚ್ಚುಕಡಿಮೆ 3 ಸೆಂಟಿಮೀಟರ್. ಕಣ್ಣಿಂದ ಕಿವಿಗೇ ಅದಕ್ಕಿಂತ ಜಾಸ್ತಿ ಇದೆ. ಎಫ್ ಸಂಖ್ಯೆ ಏರಿಸಿ, ಅಂದರೆ ಲೆನ್ಸಿನ ಕಿಂಡಿ ಚಿಕ್ಕದು ಮಾಡಿ, ಎಫ್ 4ಕ್ಕೆ ಹೋದರೂ 6 ಸೆಂಟಿಮೀಟರ್ ಅಷ್ಟೇ. ಅದರ ಬದಲು ಎರಡು ಮೀಟರ್‌ಗೆ ಹಿಂದೆ ಸರಿಯಿರಿ. ದೂರ ಎರಡು ಪಟ್ಟಾದರೆ ಡೆಪ್ತ್ ಆಫ್ ಫೀಲ್ಡ್ (ಶಾರ್ಪ್ ಇರುವ ಆಳ) ಸುಮಾರು ನಾಲ್ಕು ಪಟ್ಟಾಗುತ್ತದೆ. ಎಫ್ 2.8ರಲ್ಲೇ 18 ಸೆಂಟಿಮೀಟರ್ ಸಿಗುತ್ತದೆ. ಮುಖ, ಮುಂದಲೆ ಎರಡೂ ಬರುತ್ತವೆ. ಆಮೇಲೆ ಬೇಕಾದಷ್ಟು ಕ್ರಾಪ್ ಮಾಡಿಕೊಳ್ಳಿ.

ಹಳೇ ಸ್ಟುಡಿಯೋ:
ತಂಗೀ, ಚೌಕಿಯಲ್ಲಿ ನಾನೂ ತುಂಬ ಫೋಟೊ ತೆಗೆದಿದ್ದೇನೆ. ಇಂಡು ಫಿಲ್ಮ್, ಇಂಡು ಪೇಪರ್ ಸಿಗುತ್ತಿದ್ದ ಕಾಲ ಅದು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನದು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಬಣ್ಣ ಇದ್ದಾಗ ಕೆಂಪನ್ನೂ ಹಸಿರನ್ನೂ ಕಣ್ಣು ತಾನಾಗಿಯೇ ಬೇರೆ ಮಾಡಿಕೊಳ್ಳುತ್ತದೆ. ಬಣ್ಣ ತೆಗೆದ ಮೇಲೆ ಆ ಕೆಲಸ ನಿಮ್ಮದು. ಅದಕ್ಕೆ ನಿಮ್ಮ ಕೈಲಿರುವುದು ಎರಡೇ: ಎಲ್ಲಿ ಬೆಳಕು ಎಲ್ಲಿ ಕತ್ತಲೆ ಅನ್ನುವುದು, ಮತ್ತು ಫೋಕಸ್. ಈಗಿನವರು ಮೊದಲು ಫೋಕಸ್‌ಗೆ ಕೈ ಹಾಕುತ್ತಾರೆ. ಹಿನ್ನೆಲೆ ಮಸುಕು ಮಾಡಿದರೆ ಮುಖ ಎದ್ದು ಕಾಣುತ್ತದೆ ಅಂತ ನಂಬಿಕೆ. ಮುಖವೂ ಬೂದು, ಹಿನ್ನೆಲೆಯೂ ಅದೇ ಬೂದು ಆದರೆ ಎಷ್ಟು ಮಸುಕು ಮಾಡಿದರೂ ಮುಖದ ಅಂಚು ಅದರಲ್ಲಿ ಕರಗುತ್ತದೆ. ಮೊದಲು ಬೆಳಕು-ಕತ್ತಲೆಯಲ್ಲಿ ಬಿಡಿಸಬೇಕು. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಆಮೇಲಿನ ಮಾತು.

ಕಾಂಟ್ರಾಸ್ಟ್ ಸ್ಲೈಡರ್‌ನಿಂದ ಇದು ಆಗುವುದಿಲ್ಲ. ಕೆಂಪು, ಹಸಿರು ಒಮ್ಮೆ ಒಂದೇ ಬೂದು ಆದವೋ, ಆ ಸ್ಲೈಡರ್ ಎಳೆದರೆ ಎರಡೂ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ರಾ ಫೈಲ್‌ನಲ್ಲಿ (ಸೆನ್ಸರ್ ಹಿಡಿದದ್ದೆಲ್ಲ ಹಾಗೇ ಉಳಿಯುವ ಫೈಲ್) ತೆಗೆಯಿರಿ. ಕಪ್ಪು-ಬಿಳುಪು ಮಾಡುವಾಗ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಸ್ಲೈಡರ್ ಇರುತ್ತದೆ, ಅದನ್ನು ಹಿಡಿಯಿರಿ. ಕೆಂಪು ಏರಿಸಿ, ಹಸಿರು ಇಳಿಸಿದರೆ ಎರಡು ದಗಲೆ ಬೇರೆ ಬೇರೆ ಆಗುತ್ತವೆ. ನೀಲಿ ಇಳಿಸಿದರೆ ಟಾರ್ಪಾಲು ಕಪ್ಪಾಗುತ್ತದೆ, ಅದರ ಎದುರು ಮುಖ ನಿಲ್ಲುತ್ತದೆ. ನಾವು ಇದನ್ನೇ ಲೆನ್ಸ್ ಮುಂದೆ ಬಣ್ಣದ ಫಿಲ್ಟರ್ ಹಾಕಿ ಮಾಡುತ್ತಿದ್ದೆವು. ಕೆಂಪು ಫಿಲ್ಟರ್ ಹಾಕಿದರೆ ನೀಲಿ ಆಕಾಶ ಕಪ್ಪಾಗುತ್ತಿತ್ತಲ್ಲ, ಅದೇ ಲೆಕ್ಕ.

ಬೆಳಕಿನ ದಿಕ್ಕು ಇವೆಲ್ಲಕ್ಕಿಂತ ಮುಖ್ಯ. ಚೌಕಿಯ ಬಲ್ಬು ಸಾಮಾನ್ಯವಾಗಿ ಸಾಲಿನ ನಡುವೆ ಮೇಲೆ ತೂಗುತ್ತಿರುತ್ತದೆ. ಅದರ ನೇರ ಕೆಳಗೆ ಕೂತವರ ಕಣ್ಣು ಗುಳಿ ಬೀಳುತ್ತದೆ. ಸಾಲಿನ ಕೊನೆಯಲ್ಲಿ ಕೂತವರನ್ನು ನೋಡಿ. ಅವರ ಮುಖಕ್ಕೆ ಬೆಳಕು ಬದಿಯಿಂದ ಬರುತ್ತದೆ. ಮೂಗಿನ ಒಂದು ಕಡೆ ನೆರಳು, ಕೆನ್ನೆಯ ಏರಿಳಿತ, ಬಣ್ಣ ಹಚ್ಚಿದ ಬೆರಳಿನ ಗೆರೆ ಎಲ್ಲ ಕಾಣುತ್ತದೆ. ಎಕ್ಸ್‌ಪೋಷರ್ ಮುಖಕ್ಕೆ ಇಡಿ. ಎದೆಕಟ್ಟಿನ ಚಿನ್ನದ ಬೇಗಡೆ ಅಲ್ಲಲ್ಲಿ ಪೂರ್ತಿ ಬಿಳಿಯಾದರೆ ಆಗಲಿ, ಹೊಳೆಯುವ ವಸ್ತು ಹೊಳೆಯಬೇಕು.

ಇನ್ನು ಕನ್ನಡಿ. ಕನ್ನಡಿಯೊಳಗಿನ ಮುಖ ಕನ್ನಡಿಯ ಮೇಲಿಲ್ಲ, ಅದರ ಹಿಂದೆ ಇದೆ. ನೀವು ಅವರ ಭುಜದ ಹಿಂದಿನಿಂದ ತೆಗೆಯುತ್ತೀರಿ ಅಂದುಕೊಳ್ಳಿ. ಕ್ಯಾಮೆರಾದಿಂದ ಕನ್ನಡಿಗೆ ಒಂದು ಮೀಟರ್, ಕನ್ನಡಿಯಿಂದ ಅವರ ಮುಖಕ್ಕೆ 30 ಸೆಂಟಿಮೀಟರ್. ಲೆನ್ಸಿಗೆ ಆ ಮುಖ ಇರುವುದು 1.3 ಮೀಟರ್ ದೂರದಲ್ಲಿ. ಆಟೋಫೋಕಸ್ ಕನ್ನಡಿಯ ಅಂಚು ಹಿಡಿದರೆ ಒಂದು ಮೀಟರ್‌ನಲ್ಲೇ ನಿಲ್ಲುತ್ತದೆ. ಫೋಕಸ್ ಪಾಯಿಂಟ್ ಒಂದೇ ಇಟ್ಟು ಪ್ರತಿಬಿಂಬದ ಕಣ್ಣಿನ ಮೇಲೆ ಹಾಕಿ. ಅಂಚೂ ಬೇಕು, ಮುಖವೂ ಬೇಕು ಅಂದರೆ ಎಫ್ 16ರ ತನಕ ಹೋಗಬೇಕು. ಚೌಕಿಯ ಬೆಳಕಿಗೆ ಅದು ಆಗದ ಮಾತು. ಅಂಚು ಮಸುಕಾಗಲಿ ಬಿಡಿ. ಅದು ಕನ್ನಡಿ ಅಂತ ಗೊತ್ತಾದರೆ ಸಾಕು.

ಕೋಡಿಕಡಲು:
ಸರ್, ತುಂಬ ಥ್ಯಾಂಕ್ಸ್. ಕನ್ನಡಿ ವಿಷಯ ಈಗ ಅರ್ಥವಾಯಿತು. ಹಳೇ ರಾ ಫೈಲ್ ಒಂದನ್ನು ತೆಗೆದು ನೀವು ಹೇಳಿದ ಹಾಗೇ ಕೆಂಪು ಏರಿಸಿದೆ. ದಗಲೆ ಬಿಡಿಸಿಕೊಂಡಿತು. ಆದರೆ ಹಣೆಯ ಕೆಂಪು ನಾಮ ಮಾಯ! ಮುಖದ ಬಣ್ಣವೂ ನಾಮವೂ ಒಂದೇ ಬಿಳಿ.

ಹಳೇ ಸ್ಟುಡಿಯೋ:
ಹೌದು, ಹಾಗೇ ಆಗಬೇಕು. ಮುಖದ ಬಣ್ಣದಲ್ಲಿ ಹಳದಿ-ಕೆಂಪೇ ಜಾಸ್ತಿ, ಕೆಂಪು ಏರಿಸಿದರೆ ನಾಮದ ಜೊತೆ ಅದೂ ಏರುತ್ತದೆ. ನಾಮ ಬೇಕಾದ ಚಿತ್ರದಲ್ಲಿ ಉಲ್ಟಾ ಮಾಡಿ. ಕೆಂಪು ಇಳಿಸಿ, ಹಳದಿ ಸ್ವಲ್ಪ ಏರಿಸಿ. ನಾಮ, ತುಟಿ ಕಪ್ಪಗೆ ಬಂದು ಮುಖ ಬೆಳಗುತ್ತದೆ. ಕೆಂಪು ದಗಲೆಯೂ ಕಪ್ಪಾಗುತ್ತದೆ, ಆದರೆ ಮುಖ ಮುಖ್ಯವಾದ ಚಿತ್ರದಲ್ಲಿ ಅದರಿಂದ ಲಾಭವೇ. ಹಸಿರು ಈಗ ಕೆಂಪಿಗಿಂತ ತಿಳಿಯಾಗಿರಲಿ. ಒಂದು ಚಿತ್ರದ ಸೆಟ್ಟಿಂಗ್ ಇನ್ನೊಂದಕ್ಕೆ ಹಾಕಬೇಡಿ, ಒಂದೊಂದರಲ್ಲೂ ಏನು ಉಳಿಯಬೇಕು ಅಂತ ನೋಡಿ ಮಾಡಿ.

ಕ್ಯಾಮೆರಾದಲ್ಲಿ ಮಾನೊಕ್ರೋಮ್ ಪಿಕ್ಚರ್ ಸ್ಟೈಲ್ ಹಾಕಿ, ರಾ ಮತ್ತು ಜೆಪೆಗ್ ಎರಡೂ ಇಟ್ಟುಕೊಂಡರೆ ಹಿಂದಿನ ಪರದೆಯಲ್ಲಿ ಆಗಲೇ ಕಪ್ಪು-ಬಿಳುಪು ಕಾಣುತ್ತದೆ. ಬಣ್ಣ ರಾ ಫೈಲ್‌ನಲ್ಲಿ ಭದ್ರವಾಗಿರುತ್ತದೆ. ಯಾವುದು ಯಾವುದರಲ್ಲಿ ಕರಗುತ್ತಿದೆ ಅಂತ ಅಲ್ಲೇ ಗೊತ್ತಾಗಿ, ಎರಡು ಹೆಜ್ಜೆ ಆಚೀಚೆ ಸರಿಯಬಹುದು.

ಬಿಸಿಲುಕೋಲು:
ನನ್ನದೊಂದು ಭಿನ್ನ ಅಭಿಪ್ರಾಯ. ಹಿನ್ನೆಲೆಯನ್ನು ಪೂರ್ತಿ ಕಪ್ಪು ಮಾಡಬೇಡಿ. ಹಿಂದೆ ಗೆಜ್ಜೆ ಕಟ್ಟಿಕೊಳ್ಳುವವರು, ಅಲ್ಲೇ ಮಲಗಿದವರು, ತೂಗುಹಾಕಿದ ಕಿರೀಟ, ಇವಿಲ್ಲದಿದ್ದರೆ ಅದು ಚೌಕಿ ಅಂತ ಹೇಗೆ ಗೊತ್ತಾಗಬೇಕು? ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸ್ ಯಾರಿಂದಾದರೂ ಸಿಕ್ಕಿದರೆ ಒಂದೆರಡು ಚಿತ್ರ ಅದರಲ್ಲಿ ತೆಗೆಯಿರಿ. 18 ಎಂಎಂ, ಎಫ್ 8, ಎರಡು ಮೀಟರ್‌ಗೆ ಫೋಕಸ್ ಮಾಡಿದರೆ ಒಂದು ಮೀಟರ್‌ನಿಂದ ಆಚೆ ಎಲ್ಲವೂ ಶಾರ್ಪ್. ಕಡಿಮೆ ಬೆಳಕಿಗೆ ಐಎಸ್ಒ 6400ರ ತನಕ ಏರಿಸಿದರೂ ಪರವಾಗಿಲ್ಲ, ಅದರಿಂದ ಬರುವ ಕಾಳು ಕಾಳು (ಗ್ರೇನ್) ಕಪ್ಪು-ಬಿಳುಪಿನಲ್ಲಿ ಕಣ್ಣಿಗೆ ಚುಚ್ಚುವುದಿಲ್ಲ.

ಹಳೇ ಸ್ಟುಡಿಯೋ:
ಒಪ್ಪಿದೆ. ಅಂಥ ಚಿತ್ರಕ್ಕೆ ಸುಮ್ಮನೆ ಕೂತವರನ್ನು ಆರಿಸಿಕೊಳ್ಳಿ, ಎಫ್ 8ರಲ್ಲಿ ಶಟರ್ ನಿಧಾನವಾಗುತ್ತದೆ. ಶಟರ್ 1/50 ಅಥವಾ 1/100 ಇದ್ದರೆ ಒಳ್ಳೆಯದು. ನಮ್ಮ ಕರೆಂಟಿಗೆ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಶಟರ್ ಇನ್ನೂ ವೇಗ ಮಾಡಿದರೆ ಚಿತ್ರದಲ್ಲಿ ಪಟ್ಟಿ ಬರಬಹುದು. ಫ್ಲ್ಯಾಶ್ ಮಾತ್ರ ಬೇಡ. ಬದಿಯ ನೆರಳು ಪೂರ್ತಿ ಹೋಗುತ್ತದೆ, ಹುಬ್ಬು ತೀಡುವವರ ಕೈಯೂ ತಪ್ಪುತ್ತದೆ.