‘ಪ್ರಜ್ಞೆ’, ‘ಅರಿವು’, ‘ಖಬರ್’: ಯಂತ್ರದ ಮಟ್ಟಿಗೆ ಯಾವ ಮಾತು ಸಲ್ಲುತ್ತದೆ?

ಮಾನ್ಯರೇ,

ಕೃತಕ ಬುದ್ಧಿಮತ್ತೆಗೆ ಎಂದಾದರೂ ನಿಜವಾಗಿ ಪ್ರಜ್ಞೆ ಬರಬಲ್ಲುದೇ ಎಂಬ ವಿಷಯವಾಗಿ ಧಾರವಾಡದ ವಿದ್ಯಾರ್ಥಿಗಳ ಮುಂದೆ ಮಾತನಾಡಬೇಕಾಗಿದ್ದು, ಅದಕ್ಕಾಗಿ ಟಿಪ್ಪಣಿ ಬರೆಯಲು ಕುಳಿತವನು ‘ಪ್ರಜ್ಞೆ’ ಎಂಬ ಪದದಲ್ಲಿಯೇ ಸಿಕ್ಕಿಕೊಂಡಿದ್ದೇನೆ. ‘ಪ್ರಜ್ಞೆ ತಪ್ಪಿತು’ ಎನ್ನುವಾಗ ಅದು ಎಚ್ಚರ; ‘ಸಮಯಪ್ರಜ್ಞೆ’ ಎನ್ನುವಾಗ ಜಾಣತನ; ‘ಕರ್ತವ್ಯಪ್ರಜ್ಞೆ’ ಎನ್ನುವಾಗ ಹೊಣೆಗಾರಿಕೆ. ಸಂಸ್ಕೃತದಲ್ಲಿ ಅದು ವಿವೇಕದ ಕಡೆಗೇ ವಾಲುತ್ತದೆ. ಮಾಂಡೂಕ್ಯೋಪನಿಷತ್ತಂತೂ ಕನಸೂ ಇಲ್ಲದ ಗಾಢನಿದ್ರೆಯ ಅವಸ್ಥೆಗೆ ಸೇರಿದ ಆತ್ಮನನ್ನೇ ‘ಪ್ರಾಜ್ಞ’ ಎಂದು ಕರೆದಿದೆ. ಹೀಗಿರುವಾಗ, 1997ರಲ್ಲಿ ಚದುರಂಗದಲ್ಲಿ ಕ್ಯಾಸ್ಪರೋವ್ ಅವರನ್ನು ಸೋಲಿಸಿದ ‘ಡೀಪ್ ಬ್ಲೂ’ ಗಣಕಕ್ಕೆ ಪ್ರಜ್ಞೆಯಿತ್ತು ಎಂದು ಯಾರಾದರೂ ವಾದಿಸಿದರೆ, ಜಾಣತನದ ಅರ್ಥದಲ್ಲಿ ಆ ಮಾತನ್ನು ತಳ್ಳಿಹಾಕುವುದು ಕಷ್ಟ. ಗೆದ್ದದ್ದಕ್ಕೆ ಆ ಯಂತ್ರಕ್ಕೆ ಏನಾದರೂ ಅನಿಸಿತೇ ಎಂಬ ಪ್ರಶ್ನೆ ಮಾತ್ರ ಇದ್ದಲ್ಲಿಯೇ ಉಳಿಯುತ್ತದೆ. ‘ಚೈತನ್ಯ’ವನ್ನು ನಾನು ಬೇಗನೆ ಕೈಬಿಟ್ಟೆ, ಅದು ಹುರುಪಿಗೂ ವೇದಾಂತಕ್ಕೂ ಹಂಚಿಹೋಗಿದೆ.

ನಮ್ಮ ಕಡೆಯ ಆಡುಮಾತಿನಲ್ಲಿ ಎಚ್ಚರ ಎಂಬರ್ಥದ ‘ಖಬರ್’ ಎಂಬ ಮಾತಿದೆ. ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯಲ್ಲಿ ನಮ್ಮ ತಂದೆಯವರಿಗೆ ಹರ್ನಿಯಾ ಆಪರೇಷನ್ ಆದಾಗ, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗಷ್ಟೇ ಮರಗಟ್ಟಿಸಿದ್ದರು. ಹೊರಗೆ ತಂದ ಮೇಲೆ ನರ್ಸ್, “ಅಜ್ಜಾರ, ಖಬರ್ ಐತೇನ್ರಿ?” ಎಂದು ಕೇಳಿದರು. “ಖಬರ್ ಐತವಾ, ಕಾಲಷ್ಟ ನನ್ನೂವಲ್ಲ ಅನಸ್ತೈತಿ” ಎಂದು ತಂದೆಯವರು ಉತ್ತರಿಸಿದರು. ಈ ಚಿಕಿತ್ಸೆಗೆ ಕನ್ನಡದಲ್ಲಿ ‘ಅರಿವಳಿಕೆ’ ಎಂಬ ಒಳ್ಳೆಯ ಹೆಸರಿದೆ. ಆ ಹೊತ್ತಿನಲ್ಲಿ ಖಬರ್ ಅಳಿದಿರಲಿಲ್ಲ, ಕಾಲಿನ ಅರಿವಷ್ಟೇ ಅಳಿದಿತ್ತು. ಅಂದರೆ ಎಚ್ಚರವಾಗಿರುವುದು ಬೇರೆ, ಒಳಗಿನಿಂದ ಏನೋ ಒಂದು ಅನುಭವಕ್ಕೆ ಬರುವುದು ಬೇರೆ ಎಂಬ ಭೇದವನ್ನು ನಮ್ಮ ಮಾತುಗಳು ಆಗಲೇ ಇಟ್ಟುಕೊಂಡಿವೆ.

ಇದಕ್ಕಿಂತ ಹೆಚ್ಚು ಬೆಳಕು ಕೊಟ್ಟದ್ದು ಚತುರ್ಥೀ ವಿಭಕ್ತಿ. ಮಾಡುವ ಕೆಲಸವನ್ನು ಹೇಳುವಾಗ ನಾವು ‘ನಾನು ಲೆಕ್ಕ ಮಾಡಿದೆ’, ‘ನಾನು ಬರೆದೆ’ ಎನ್ನುತ್ತೇವೆ. ಅನುಭವವನ್ನು ಹೇಳುವಾಗ ‘ನನಗೆ ನೋವಾಯಿತು’, ‘ನನಗೆ ತಿಳಿಯಿತು’, ‘ನನಗೆ ಅನಿಸಿತು’ ಎನ್ನುತ್ತೇವೆ. ‘ಯಂತ್ರವು ತಿಳಿಸಿತು’ ಎಂದರೆ ಯಾರೂ ತಕರಾರು ಮಾಡುವುದಿಲ್ಲ, ‘ಯಂತ್ರಕ್ಕೆ ತಿಳಿಯಿತು’ ಎಂದ ಕೂಡಲೇ ಚರ್ಚೆ ಶುರುವಾಗುತ್ತದೆ. ಚತುರ್ಥಿಯೊಂದೇ ಸಾಕ್ಷಿಯಲ್ಲ ನಿಜ, ಏಕೆಂದರೆ ‘ಗಾಡಿಗೆ ಪೆಟ್ರೋಲ್ ಬೇಕು’ ಎಂದೂ ಅನ್ನುತ್ತೇವೆ. ಆದರೆ ‘ಗಾಡಿಗೆ ಅನಿಸಿತು’ ಎನ್ನುವುದಿಲ್ಲ. (ನಪುಂಸಕಲಿಂಗದಿಂದಲೂ ಏನೂ ತೀರ್ಮಾನವಾಗದು, ‘ಮಗು ಅತ್ತಿತು’ ಎನ್ನುವ ನಾವು ಮಗುವಿಗೆ ಅರಿವಿಲ್ಲವೆಂದು ತಿಳಿದವರಲ್ಲ.)

ತೊಡಕಿರುವುದು ಇಲ್ಲಿ. ಕೇಳಿದ್ದಕ್ಕೆ ಉತ್ತರ ಬರೆದುಕೊಡುವ ಈಗಿನ ಭಾಷಾ ಮಾದರಿಗಳು ‘ನಿಮ್ಮೊಡನೆ ಮಾತನಾಡಿ ನನಗೆ ಸಂತೋಷವಾಯಿತು’ ಎಂದು ವಿಭಕ್ತಿ ತಪ್ಪದೆ ಬರೆಯುತ್ತವೆ. 2022ರಲ್ಲಿ ಗೂಗಲ್‌ನ ಇಂಜಿನಿಯರೊಬ್ಬರು ತಮ್ಮ ಸಂಸ್ಥೆಯ ‘ಲಾಮ್ಡಾ’ ಎಂಬ ಭಾಷಾ ಮಾದರಿಗೆ ಭಾವನೆಗಳಿವೆ ಎಂದು ನಂಬಿದ್ದೂ ಇಂಥ ವಾಕ್ಯಗಳನ್ನು ಓದಿಯೇ, ಸಂಸ್ಥೆ ಅದನ್ನು ಒಪ್ಪಲಿಲ್ಲ. ಆದರೆ ಮನುಷ್ಯರು ಬರೆದಿಟ್ಟ ಅಪಾರ ಬರಹದಿಂದ ಮುಂದಿನ ಪದವನ್ನು ಊಹಿಸಲು ಕಲಿತ ಯಂತ್ರವು ‘ನನಗೆ’ ಎಂದು ಬರೆದರೆ, ಆ ರೂಪ ನಮ್ಮಿಂದಲೇ ಹೋದದ್ದು. ಚೀನೀ ಭಾಷೆ ಬಾರದವನು ಕೋಣೆಯಲ್ಲಿ ಕುಳಿತು, ನಿಯಮಗಳನ್ನು ನೋಡಿಕೊಂಡೇ ಆ ಭಾಷೆಯಲ್ಲಿ ಉತ್ತರ ಬರೆದು ಹೊರಗೆ ಕೊಡಬಲ್ಲನೆಂದು ತತ್ತ್ವಜ್ಞಾನಿ ಜಾನ್ ಸರ್ಲ್ 1980ರಲ್ಲಿ ಹೂಡಿದ ವಾದವೂ ಇದನ್ನೇ ಹೇಳುತ್ತದೆ: ಉತ್ತರ ಸರಿಯಿದ್ದ ಮಾತ್ರಕ್ಕೆ ಬರೆದವನಿಗೆ ಅದು ತಿಳಿದಿದೆ ಎಂದಾಗದು. ಆ ಮನುಷ್ಯನಿಗೆ ತಿಳಿಯದಿದ್ದರೂ ಇಡೀ ಕೋಣೆಗೆ ತಿಳಿದಿದೆ ಎನ್ನುವವರೂ ಇದ್ದಾರೆ. ‘ಕೋಣೆಗೆ ತಿಳಿದಿದೆ’ ಎಂಬ ಕನ್ನಡ ನನ್ನ ಕಿವಿಗೆ ಒಗ್ಗಲಿಲ್ಲ, ಆದರೆ ಕಿವಿಗೆ ಒಗ್ಗದ್ದೆಲ್ಲ ಸುಳ್ಳೆಂದು ಹೇಳುವ ಧೈರ್ಯವೂ ನನಗಿಲ್ಲ.

ಸದ್ಯಕ್ಕೆ ನಾನು ಜಾಣತನಕ್ಕೆ ‘ಬುದ್ಧಿ’, ಎಚ್ಚರಕ್ಕೆ ‘ಖಬರ್’, ಒಳ ಅನುಭವಕ್ಕೆ ‘ಅರಿವು’ ಎಂದಿಟ್ಟುಕೊಂಡು, ‘ಯಂತ್ರಕ್ಕೆ ಅರಿವಾಗಬಲ್ಲುದೇ’ ಎಂದು ಶೀರ್ಷಿಕೆ ಬರೆದಿದ್ದೇನೆ. ‘ಅರಿವು’ ಎಂದರೆ ಓದುಗರು ವಚನಕಾರರ ಅರಿವನ್ನೇ ನೆನೆದಾರು ಎಂಬ ಅಳುಕಿದೆ. ‘ಸಂವೇದನೆ’ ಎಂದರೆ ಬಾಗಿಲು ತಾನಾಗಿ ತೆರೆಯಿಸುವ ಸೆನ್ಸರ್‌ಗೂ ಅದು ಸಂದುಬಿಡುತ್ತದೆ. ಇದಕ್ಕಿಂತ ಸರಿಯಾದ ಪದವಿದ್ದರೆ ದಯವಿಟ್ಟು ತಿಳಿಸಿರಿ. ಗದಗ, ಹಾವೇರಿ ಕಡೆಯವರಲ್ಲಿ ಇನ್ನೊಂದು ಕೇಳಿಕೆ: ‘ಖಬರ್’ ಎಂಬುದನ್ನು ನಿಮ್ಮಲ್ಲಿ ಎತ್ತು, ಎಮ್ಮೆಗಳ ವಿಷಯದಲ್ಲಿಯೂ ಆಡುತ್ತಾರೆಯೇ, ಮತ್ತು ಮೊಬೈಲಿಗೋ ಪಂಪ್‌ಸೆಟ್ಟಿಗೋ ‘ಖಬರ್ ಇಲ್ಲ’ ಎಂದು ಯಾರಾದರೂ ಹೇಳಿದ್ದನ್ನು, ತಮಾಷೆಗಲ್ಲದೆ, ಕೇಳಿದ್ದೀರಾ?