ಓದುಗರ ಸ್ಪಂದನ: ನಸುಕಿಗೇ ಎಬ್ಬಿಸುವ ಬೆಕ್ಕಿಗೆ ಏನು ಮಾಡಲಿ?

ಓದುಗರ ಸಮಸ್ಯೆ: ನಮ್ಮನೆ ಬೆಕ್ಕು ಪುಟ್ಟಿಗೆ ಎರಡು ವರ್ಷ. ಬೆಳಗ್ಗೆ ನಾಲ್ಕೂವರೆಗೇ ನನ್ನ ಕೆನ್ನೆ ತಟ್ಟಿ ಎಬ್ಬಿಸುತ್ತಾಳೆ. ಸತ್ತ ಹಲ್ಲಿಯನ್ನು ದಿಂಬಿನ ಪಕ್ಕ ತಂದಿಡುತ್ತಾಳೆ. ಅತ್ತೆ ಕೂತರೆ ಸಾಕು, ಮಡಿಲು ಹತ್ತಿ ಸೀರೆಯನ್ನು ಒತ್ತಿ ಒತ್ತಿ ನೂಲು ಕೀಳುತ್ತಾಳೆ. 'ಅತಿ ಮುದ್ದು ಮಾಡಿದ್ದಕ್ಕೇ ಹೀಗೆ, ರಾತ್ರಿ ಹೊರಗೆ ಹಾಕು' ಅನ್ನುತ್ತಾರೆ ನನ್ನ ಯಜಮಾನರು. ಏನು ಮಾಡಲಿ?
– ಓದುಗರೊಬ್ಬರು, ಮೈಸೂರು

ಇದು ಮುದ್ದಿನ ತಪ್ಪಲ್ಲ ಮೇಡಂ. ಬೆಕ್ಕು ಚುರುಕಾಗುವುದೇ ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ, ಅದು ಬೇಟೆಯ ಹೊತ್ತು. ಆದರೆ ಒಂದು ಮಾತು ಕೇಳುತ್ತೇನೆ, ಬೇಜಾರಾಗಬೇಡಿ. ಕೆನ್ನೆ ತಟ್ಟಿದ ಕೂಡಲೇ ನೀವು ಎದ್ದು ಅನ್ನ ಹಾಕುತ್ತೀರಿ, ಅಲ್ವಾ? ಹಾಗಿದ್ದರೆ ಪುಟ್ಟಿ ಪಾಠ ಕಲಿತಾಯಿತು. ಕೆನ್ನೆ ತಟ್ಟಿದರೆ ತಿಂಡಿ! ಇನ್ನು ಮೇಲೆ ರಾತ್ರಿ ಮಲಗುವ ಮುಂಚೆ ಒಂದು ದಾರದ ತುದಿಗೆ ಬಟ್ಟೆ ಚೂರು ಕಟ್ಟಿ ಚೆನ್ನಾಗಿ ಓಡಾಡಿಸಿ. ಆಮೇಲೆ ದಾರವನ್ನು ಎತ್ತಿಡಿ, ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ. ಆಟ ಮುಗಿದ ಮೇಲೆಯೇ ಊಟ. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ: ಬೆಕ್ಕಿನ ಕ್ರಮ ಇದೇ. ಬೆಳಗ್ಗೆ ಎಷ್ಟೇ ತಟ್ಟಿದರೂ ಕಣ್ಣು ಬಿಡಬೇಡಿ. ಎದ್ದ ಮೇಲೂ ಮೊದಲು ಹಲ್ಲುಜ್ಜಿ, ಕಾಫಿ ಇಡಿ, ಆಮೇಲೆ ತಟ್ಟೆ. ಮೊದಮೊದಲು ರಂಪ ಜಾಸ್ತಿಯೇ ಆಗುತ್ತದೆ. ಆಗ ಸೋತು ಎದ್ದಿರೋ, ಇನ್ನೂ ಜೋರಾಗಿ ಕೂಗಬೇಕು ಅಂತ ಕಲಿಯುತ್ತದೆ.
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಸೀರೆ ವಿಷಯ ನನಗೆ ಗೊತ್ತು, ನನ್ನ ನೈಟಿಗಳೆಲ್ಲ ಜಾಲರಿಯಾಗಿವೆ. ಮರಿಗಳು ಹಾಲು ಇಳಿಯಲಿ ಅಂತ ತಾಯಿಯ ಹೊಟ್ಟೆಯನ್ನು ಹೀಗೇ ಒತ್ತುತ್ತವೆ. ದೊಡ್ಡದಾದರೂ ಖುಷಿಯಾದಾಗ ಅದೇ ಕೆಲಸ, ಚಪಾತಿ ಹಿಟ್ಟು ನಾದಿದ ಹಾಗೆ. ಗದರಬೇಡಿ. ಮಡಿಲಿಗೆ ಹಳೇ ಕೌದಿ ಮಡಚಿ ಹಾಕಿ. ಉಗುರಿನ ಬಿಳಿ ತುದಿಯಷ್ಟೇ ಕತ್ತರಿಸಿ. ಒಳಗಿನ ಗುಲಾಬಿ ಭಾಗ ಮುಟ್ಟಿದರೆ ರಕ್ತ ಬರುತ್ತದೆ. ನಿದ್ದೆಯಲ್ಲಿದ್ದಾಗ ಒಂದೊಂದೇ ಉಗುರು ಮುಗಿಸುವುದು ಸುಲಭ.
– ಗೃಹಿಣಿ, ಪುತ್ತೂರು

ನಿಮಗೆ ಹಲ್ಲಿ, ನಮ್ಮನೆಯಲ್ಲಿ ಜಿರಳೆ. ಅದೂ ಅಪ್ಪನ ಚಪ್ಪಲಿಯ ಒಳಗೇ, ಆಫೀಸಿಗೆ ಹೊರಡುವ ಹೊತ್ತಿಗೆ! ಪ್ರೀತಿಯ ಕಾಣಿಕೆ ಅಂತ ಹಲವರು ಹೇಳುತ್ತಾರೆ. ನನಗೇನೋ ಅಷ್ಟು ನಂಬಿಕೆಯಿಲ್ಲ. ಹಿಡಿದದ್ದನ್ನು ತನಗೆ ಭದ್ರ ಅನಿಸಿದ ಜಾಗಕ್ಕೆ ತರುತ್ತದೆ, ಅಷ್ಟೇ. ಆ ಜಾಗ ನಿಮ್ಮ ದಿಂಬು ಅಂದರೆ ಅದೂ ಸಣ್ಣ ಮರ್ಯಾದೆಯಲ್ಲ ಬಿಡಿ. ಕಿರುಚದೆ ಕಾಗದದಲ್ಲಿ ಎತ್ತಿ ಬಿಸಾಡಿ. ಹಲ್ಲಿ, ಇಲಿ ತಿನ್ನುವ ಬೆಕ್ಕಿಗೆ ಜಂತುಹುಳುವಿನ ಔಷಧಿ ಮಾತ್ರ ತಪ್ಪಿಸಬೇಡಿ.
– ಕಾಲೇಜು ವಿದ್ಯಾರ್ಥಿನಿ, ಹುಬ್ಬಳ್ಳಿ

ರಾತ್ರಿ ಹೊರಗೆ ಹಾಕುವ ಮಾತು ದಯವಿಟ್ಟು ಬೇಡ. ಬೀದಿನಾಯಿ, ಗಾಡಿ, ಗಂಡು ಬೆಕ್ಕುಗಳ ಕಾದಾಟ ಎಲ್ಲ ಇದೆ. ಬೇಕಿದ್ದರೆ ನಿಮ್ಮ ಕೋಣೆಯ ಬಾಗಿಲು ಹಾಕಿಕೊಂಡು, ಹಾಲ್‌ನಲ್ಲಿ ಒಂದು ರಟ್ಟಿನ ಡಬ್ಬ ಇಡಿ. ದುಡ್ಡು ಕೊಟ್ಟು ತಂದ ಹಾಸಿಗೆ ಬಿಟ್ಟು ಅದರಲ್ಲೇ ಮಲಗುತ್ತದೆ, ನೋಡಿ. ನಿಮ್ಮ ಯಜಮಾನರಿಗೂ ಒಂದು ಕೆಲಸ ಕೊಡಿ. ಪುಟ್ಟಿ ತಮ್ಮ ಕಡೆ ನೋಡಿದಾಗ ನಿಧಾನವಾಗಿ ಕಣ್ಣು ಕಿರಿದು ಮಾಡಿ ಮುಚ್ಚಿ ತೆರೆಯಲಿ. ಹೀಗೆ ಮಾಡಿದರೆ ಬೆಕ್ಕೂ ಕಣ್ಣು ಮಿಟುಕಿಸುತ್ತದೆ, ಹತ್ತಿರ ಬರುವುದೂ ಜಾಸ್ತಿ ಅಂತ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ್ದಾರೆ. ನಮ್ಮಪ್ಪ ಇದನ್ನು ಸುಮ್ನೆ ತಮಾಷೆಗೆ ಶುರು ಮಾಡಿದ್ದರು. ಈಗ ಬೆಕ್ಕು ಅವರ ಪೇಪರ್ ಮೇಲೆಯೇ ಕೂರುತ್ತದೆ, ಅವರು ಓದುವುದನ್ನೇ ಬಿಟ್ಟಿದ್ದಾರೆ.
– ಓದುಗ, ಬೆಂಗಳೂರು

ಸೀರೆ ಅತ್ತೆಯವರದು, ದೂರು ನಿಮ್ಮದು. ಅವರೇನು ಅನ್ನುತ್ತಾರೆ ಅಂತ ಬರೆದೇ ಇಲ್ಲವಲ್ಲ ತಾಯಿ? ನನಗನಿಸುವುದು, ಹಾಲು ಸುರಿಯುತ್ತಿರುವುದೂ ಅವರೇ. ದೊಡ್ಡ ಬೆಕ್ಕುಗಳಿಗೆ ಹಸುವಿನ ಹಾಲು ಎಷ್ಟೋ ಸಲ ಅರಗುವುದಿಲ್ಲ, ಭೇದಿಯಾಗುತ್ತದೆ. ಕಡಿಮೆ ಮಾಡಲು ಹೇಳಿ. ಸೀರೆಯ ಚಿಂತೆ ಅವರಿಗೇ ಬಿಡಿ.
– ಅಜ್ಜಿಯೊಬ್ಬರು, ಸಾಗರ