ಕೀಬೋರ್ಡ್ ಪೇರ್ ಆಗ್ತಿಲ್ಲ ಅಂದ್ರಲ್ಲ ಚಿಕ್ಕಮ್ಮ, ಅದಕ್ಕೆ

ಚಿಕ್ಕಮ್ಮ, ನಿಮ್ಮ ಮೆಸೇಜ್ ಪೂರ್ತಿ ಕೇಳಿಸ್ಕೊಂಡೆ. ಟ್ಯಾಬ್‌ನಲ್ಲಿ ಬ್ಲೂಟೂತ್ ಕೀಬೋರ್ಡ್ ಹೆಸರು ಕಾಣುತ್ತೆ, ಮುಟ್ಟಿದ್ರೆ ಆರಂಕಿ ನಂಬರ್ ಬರುತ್ತೆ, ಸ್ವಲ್ಪ ಹೊತ್ತಿಗೆ ಪೇರ್ ಆಗಲಿಲ್ಲ ಅಂತ ಹೇಳಿ ಮಾಯ ಆಗುತ್ತೆ ಅಂದ್ರಿ. ಕೀಬೋರ್ಡ್ ಕೆಟ್ಟಿಲ್ಲ, ವಾಪಸ್ ಕಳಿಸ್ಬೇಡಿ. ಆ ನಂಬರನ್ನ ಟ್ಯಾಬ್ ಮೇಲೆ ಹಾಕೋದಲ್ಲ. ಕೀಬೋರ್ಡಲ್ಲೇ ಕುಟ್ಟಿ, ಕೊನೆಗೆ ಎಂಟರ್ ಒತ್ತಬೇಕು. ಎಂಟರ್ ಒತ್ತೋದನ್ನೇ ತುಂಬಾ ಜನ ಬಿಟ್ಟುಬಿಡ್ತಾರೆ. ಕುಟ್ಟುವಾಗ ಪರದೆ ಮೇಲೆ ಏನೂ ಮೂಡದೇ ಇರಬಹುದು, ಆದ್ರೂ ನಿಲ್ಲಿಸ್ಬೇಡಿ. ಅಂಕಿಗೆ ಮೇಲಿನ ಸಾಲಿನ ಕೀಗಳನ್ನೇ ಬಳಸಿ, ಬಲಗಡೆ ನಂಬರ್ ಪ್ಯಾಡ್ ಬೇಡ. ಆ ಪ್ಯಾಡ್‌ನ ನಮ್ ಲಾಕ್ (Num Lock) ಕೀ ಆಫ್ ಇದ್ರೆ ಅಲ್ಲಿಂದ ಅಂಕಿ ಹೋಗೋದೇ ಇಲ್ಲ.

ಈಗ ಮೊದಲಿಂದ ಮಾಡಿ. ಈ ಕೀಬೋರ್ಡ್ ಮುಂಚೆ ಲ್ಯಾಪ್‌ಟಾಪ್‌ಗೆ ಸೇರಿಸಿದ್ದು ಅಂದ್ರಲ್ಲ, ಆ ಲ್ಯಾಪ್‌ಟಾಪ್‌ನ ಬ್ಲೂಟೂತ್ ಆಫ್ ಮಾಡಿ. ಇಲ್ಲಾಂದ್ರೆ ಆನ್ ಆದ ತಕ್ಷಣ ಕೀಬೋರ್ಡು ಹಳೇ ಜೊತೆಗಾರನ ಹತ್ರಾನೇ ಓಡುತ್ತೆ. ಟ್ಯಾಬ್‌ನ ಬ್ಲೂಟೂತ್ ಪಟ್ಟಿಯಲ್ಲಿ ಇದರ ಹೆಸರು ಈಗಾಗಲೇ ಕೂತಿದ್ರೆ, ಪಕ್ಕದ ಗೇರ್ ಗುರುತು ಒತ್ತಿ ಅಳಿಸಿಹಾಕಿ. ಎರಡೂ ಕಡೆ ಉಳಿದಿರೋ ಹಳೇ ಕೀಲಿ, ಅಂದ್ರೆ ಜೋಡಿಸುವಾಗ ಎರಡೂ ಉಳಿಸ್ಕೊಳ್ಳೋ ಗುಟ್ಟಿನ ಸಂಕೇತ, ಒಂದಕ್ಕೊಂದು ಹೊಂದದಿದ್ರೆ ಎಷ್ಟು ಸಲ ಮಾಡಿದ್ರೂ ಸೇರಲ್ಲ.

ಆಮೇಲೆ ಪೇರಿಂಗ್ ಮೋಡ್, ಅಂದ್ರೆ ಕೀಬೋರ್ಡನ್ನ ಹೊಸ ಸಾಧನಕ್ಕೆ ಸೇರೋಕೆ ಸಿದ್ಧ ಮಾಡೋದು. ಸ್ವಿಚ್ ಆನ್ ಮಾಡಿದ್ರಷ್ಟೇ ಸಾಲದು. ಬ್ಲೂಟೂತ್ ಚಿಹ್ನೆ ಇರೋ ಕೀ, ಕೆಲವದರಲ್ಲಿ ಎಫ್‌ಎನ್ (Fn) ಕೀ ಜೊತೆ, ಸುಮಾರು 3 ಸೆಕೆಂಡ್ ಒತ್ತಿ ಹಿಡೀಬೇಕು, ಲೈಟ್ ಬೇಗ ಬೇಗ ಮಿನುಗೋವರೆಗೆ. 1, 2, 3 ಅಂತ ಮೂರು ಕೀ ಇದ್ರೆ ಖಾಲಿ ಇರೋದನ್ನ ಹಿಡೀರಿ. ಮೂರರಲ್ಲಿ ಮೂರು ಸಾಧನದ ಜೋಡಣೆ ಉಳಿಯುತ್ತೆ, ಲ್ಯಾಪ್‌ಟಾಪ್ ಜೋಡಣೆ ಕೆಡಿಸಬೇಕಾಗಿಲ್ಲ. ಲೈಟ್ ಮಂಕಾಗಿದ್ರೆ ಮೊದಲು ಸೆಲ್ ಬದಲಿಸಿ. ಕೀಬೋರ್ಡ್ ಜೊತೆ ಪುಟ್ಟ ಯುಎಸ್‌ಬಿ ರಿಸೀವರ್ ಮಾತ್ರ ಬಂದು, ಬ್ಲೂಟೂತ್ ಚಿಹ್ನೆ ಎಲ್ಲೂ ಇಲ್ಲದಿದ್ರೆ ಈ ದಾರಿ ನಡೆಯಲ್ಲ, ಅದಕ್ಕೆ ಒಟಿಜಿ ಅಡಾಪ್ಟರ್, ಅಂದ್ರೆ ಟ್ಯಾಬ್‌ನ ಚಾರ್ಜಿಂಗ್ ಕಿಂಡಿಗೆ ಯುಎಸ್‌ಬಿ ಸಿಕ್ಕಿಸೋಕೆ ಬಿಡೋ ಪುಟ್ಟ ಜೋಡಣೆ, ಬೇಕು.

ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು. ನೀವು ಜೋಡಿಸದೇ ಇದ್ದಾಗ ಪೇರಿಂಗ್ ಕೋರಿಕೆ ಬಂದ್ರೆ ಒಪ್ಪಬೇಡಿ. ನಿಮ್ಮ ಕೈಲಿರೋ ಕೀಬೋರ್ಡೇ ಇದು ಅಂತ ಟ್ಯಾಬ್‌ಗೆ ಖಾತ್ರಿ ಆಗೋದು ಆ ಆರಂಕಿಯಿಂದ. ಆಂಡ್ರಾಯ್ಡ್‌ನಲ್ಲಿ ಒಪ್ಪಿಗೆ ಇಲ್ಲದೆ ಕಳ್ಳ ಕೀಬೋರ್ಡ್ ಸೇರಿಕೊಳ್ಳೋ ದೋಷ ಇತ್ತು. 11ರಿಂದ 14ರವರೆಗಿನ ಆವೃತ್ತಿಗಳಿಗೆ 2023ರ ಡಿಸೆಂಬರ್ ಸೆಕ್ಯೂರಿಟಿ ಪ್ಯಾಚ್‌ನಲ್ಲಿ, ಅಂದ್ರೆ ಸುರಕ್ಷತೆಯ ಅಪ್‌ಡೇಟ್‌ನಲ್ಲಿ, ಸರಿ ಮಾಡಿದ್ರು. ಸೆಟ್ಟಿಂಗ್ಸ್‌ನಲ್ಲಿ ಪ್ಯಾಚ್ ತಾರೀಕು ನೋಡಿ, ಅದಕ್ಕಿಂತ ಹಳೇದಿದ್ರೆ ಅಪ್‌ಡೇಟ್ ಮಾಡಿ. ಅಪ್‌ಡೇಟೇ ಸಿಗದಿದ್ರೆ ಬಳಸದಾಗ ಬ್ಲೂಟೂತ್ ಆಫ್ ಇಡಿ.

ಸೇರಿದ ಮೇಲೆ ಪರದೆಯ ಕೀಬೋರ್ಡ್ ಕಾಣದೇ ಹೋಗುತ್ತೆ, ಅದು ತೊಂದರೆ ಅಲ್ಲ. ಬೇಕಿದ್ರೆ ಫಿಸಿಕಲ್ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಪರದೆಯ ಕೀಬೋರ್ಡ್ ತೋರಿಸು ಅನ್ನೋದನ್ನ ಆನ್ ಮಾಡಿ. ಸ್ವಲ್ಪ ಹೊತ್ತು ಮುಟ್ಟದಿದ್ರೆ ಕೀಬೋರ್ಡ್ ನಿದ್ದೆಗೆ ಹೋಗುತ್ತೆ. ಮೊದಲ ಅಕ್ಷರ ನುಂಗಿದ್ರೆ ಅದಕ್ಕೇ, ಒಂದು ಕೀ ಒತ್ತಿ ಎರಡು ಸೆಕೆಂಡ್ ಬಿಟ್ಟು ಬರೀರಿ. ಒಂದೇ ಅಕ್ಷರ ಸಾಲಾಗಿ ಬೀಳ್ತಾ ಹೋದ್ರೆ, ನೀವು ಬೆರಳು ಎತ್ತಿದ ಸುದ್ದಿ ಟ್ಯಾಬ್‌ಗೆ ತಲುಪಿಲ್ಲ ಅಂತ. ಆಗ ಸೆಲ್ ನೋಡಿ, ಟ್ಯಾಬನ್ನ ಹತ್ರ ಎಳ್ಕೊಳ್ಳಿ, ಪಕ್ಕದಲ್ಲಿ ವೈಫೈ ರೂಟರ್ ಇದ್ರೆ ದೂರ ಸರಿಸಿ. ಮತ್ತೆ ನಂಬರ್ ಬಂದು ನಿಂತ್ರೆ ಆ ಪರದೆಯ ಫೋಟೋ ಇಲ್ಲೇ ಹಾಕಿ.